ಹಸಿರು ಚುಕ್ಕೆ ಬಿದ್ದ ಮನೆ

ನಮ್ಮ ಕಡೆ ಪ್ರವಾಹ ಬರಲು ಮಳೆಯೇ ಬೇಕೆಂದಿಲ್ಲ. ಮಳೆ ಮಹಾರಾಷ್ಟ್ರದಲ್ಲಿ ಎಲ್ಲೋ ಸುರಿಯುತ್ತದೆ, ಅಲ್ಲಿಯ ಅಣೆಕಟ್ಟುಗಳಿಂದ ನೀರು ಬಿಡುತ್ತಾರೆ, ಒಂದೆರಡು ದಿನ ಕಳೆದು ಭೀಮೆ ಬಿಸಿಲಿನಲ್ಲೇ ಉಕ್ಕಿ ದಂಡೆಯ ಊರುಗಳಿಗೆ ನುಗ್ಗುತ್ತದೆ. ಇಂಡಿ ಊರಿನ ಬಸ್ ನಿಲ್ದಾಣದಲ್ಲಿ ಜನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಿಸಿಲಿಗೆ ಬೈಯುತ್ತ, ಆಲಮೇಲದ ಕಡೆಯವರು ಎದೆಮಟ್ಟದ ನೀರಿನಲ್ಲಿ ನಿಂತಿರುವ ವಿಡಿಯೊ ನೋಡುತ್ತಿರುತ್ತಾರೆ.

ಆ ವರ್ಷ ಹೊಳೆ ಇಳಿದ ಮೇಲೆ ಯಾವ ಊರಿನಲ್ಲಿ ಏನು ಬಿದ್ದಿದೆ, ಏನು ಉಳಿದಿದೆ ಎಂಬ ಮಾಹಿತಿ ಕೂಡಿಸುವ ತಾತ್ಕಾಲಿಕ ತಂಡವೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಪ್ರವಾಹ ಬಂದಾಗಲಾದರೂ ಕೆಲಸ ಬರುತ್ತದೆ ಎಂದು ಮನೆಯವರಿಗೆ ಸಮಾಧಾನ. ತಂಡಕ್ಕೆ ಇಂಡಿಯಲ್ಲಿ ಒಂದು ಕಲ್ಯಾಣ ಮಂಟಪವನ್ನು ಬಾಡಿಗೆಗೆ ಹಿಡಿದಿದ್ದರು. ನಾವು ಊಟದ ಹಾಲಿನ ಉದ್ದನೆಯ ಟೇಬಲ್ಲುಗಳ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದೆವು. ಡ್ರೋನುಗಳ ಬ್ಯಾಟರಿ ಚಾರ್ಜ್ ಆಗುತ್ತಿದ್ದದ್ದು ವಧುವಿನ ಕೋಣೆಯಲ್ಲಿ, ಕನ್ನಡಿಯ ಕೆಳಗೆ. ನಮ್ಮ ಸಾಹೇಬರು ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಕುರ್ಚಿಗಳಲ್ಲಿ ಒಂದರಲ್ಲಿ ಕೂರುತ್ತಿದ್ದರು. ಇನ್ನೊಂದರ ಮೇಲೆ ಅವರ ಬ್ಯಾಗು ಇರುತ್ತಿತ್ತು.

ಕೆಲಸದ ಕ್ರಮ ಸರಳವಾಗಿತ್ತು. ಮೊದಲು ಡ್ರೋನ್ ಹೋಗಿ ಊರಿನ ಮೇಲಿಂದ ಚಿತ್ರ ತೆಗೆಯಬೇಕು. ಕಂಪ್ಯೂಟರು ಆ ಚಿತ್ರಗಳನ್ನು ನೋಡಿ ಪ್ರತಿ ಮನೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಬಿದ್ದ ಮನೆಗೆ ಕೆಂಪು, ಅನುಮಾನವಿದ್ದರೆ ಹಳದಿ, ಸುರಕ್ಷಿತವಾಗಿದ್ದರೆ ಹಸಿರು. ಕೆಂಪು, ಹಳದಿ ಇದ್ದಲ್ಲಿಗೆ ಜೀಪು ಹೋಗುತ್ತದೆ. ಜೀಪಿನಲ್ಲಿ ಹೋದವರು ಮನೆಯೊಳಗೆ ಕಾಲಿಟ್ಟು ನೋಡಿ, ವಾಸಕ್ಕೆ ಅಪಾಯ ಎಂದು ಬರೆದುಕೊಟ್ಟರೆ ಆ ಕುಟುಂಬಕ್ಕೆ ಶಾಲೆಯ ಕೋಣೆಯಲ್ಲಿ ಜಾಗ, ಮುಂದೆ ಎತ್ತರದಲ್ಲಿ ಹೊಸ ಮನೆ. ಹಸಿರು ಇದ್ದಲ್ಲಿಗೆ ಜೀಪು ಹೋಗುವುದಿಲ್ಲ. ಜೀಪುಗಳು ಕಡಿಮೆ ಇದ್ದವು. ಅದರಲ್ಲೂ ಒಂದನ್ನು, ಜೊತೆಗೆ ಒಂದು ಡ್ರೋನನ್ನು, ಕೃಷ್ಣೆಯ ಕಡೆಗೆಂದು ಮುದ್ದೇಬಿಹಾಳಕ್ಕೆ ಕಳಿಸಿದ್ದರು. ಡ್ರೋನು, ಗಾಡಿ, ಮನುಷ್ಯರು ಒಬ್ಬರ ಹಿಂದೆ ಒಬ್ಬರು ಸರಿಯಾದ ಹೊತ್ತಿಗೆ ಸರಿಯಾದ ಊರಿಗೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಮೊದಲ ದಿನವೇ ಸಾಹೇಬರು ಎಲ್ಲರನ್ನೂ ಕೂರಿಸಿ ಹೇಳಿದ್ದರು: "ಯಾರದರೆ ಬೀಗರು, ಸಂಬಂಧಿಕರು ಈ ಊರುಗಳೊಳಗ ಇದ್ರ ಈಗ ಹೇಳ್ಬಿಡ್ರಿ. ಆ ಊರು ಬ್ಯಾರೆಯವರಿಗೆ ಕೊಡ್ತೇನಿ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಇಂಡಿ, ಸಿಂದಗಿಯ ಕಡೆಯವರಿಗೆ ಸಂಬಂಧಿಕರಿಲ್ಲದ ಊರೇ ಬೇಕೆಂದರೆ ಕೆಲಸವೇ ನಿಲ್ಲಬೇಕಾಗುತ್ತಿತ್ತು. ಸಾಹೇಬರೂ ನಕ್ಕು ಮುಂದಿನ ವಿಷಯಕ್ಕೆ ಹೋದರು. ನಾನು ನಗಲಿಲ್ಲ, ಹೇಳಲೂ ಇಲ್ಲ. ಮನೆಯ ವಿಷಯ ಕಚೇರಿಯಲ್ಲಿ ಆಡುವ ರೂಢಿ ನನಗಿಲ್ಲ.

ಆಲಮೇಲದಾಚೆ ಹೊಳೆಯ ದಂಡೆಯಲ್ಲಿ ಒಂದು ಊರಿದೆ. ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡವ್ವ, ಅಲ್ಲಿರುತ್ತಾಳೆ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಓಣಿಯ ಮಹಿಳಾ ಸಂಘಕ್ಕೆ ಅವಳೇ ಅಧ್ಯಕ್ಷೆ. ನನ್ನ ಹೈಸ್ಕೂಲಿನ ವರ್ಷಗಳೆಲ್ಲ ಕಳೆದದ್ದು ಅವಳ ಮನೆಯಲ್ಲಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ, ಆ ಮಾಳಿಗೆಯನ್ನು ಹೊತ್ತ ಕಟ್ಟಿಗೆಯ ಕಂಬಗಳು. ಆ ಊರಿನ ಚಿತ್ರಗಳು ನನ್ನ ಟೇಬಲ್ಲಿಗೆ ಬಂದಾಗ ಒಂದೇ ಒಂದು ಕೆಂಪು ಚುಕ್ಕೆ ಇರಲಿಲ್ಲ. ಹಳದಿಯೂ ಇರಲಿಲ್ಲ. ಊರಿಗೆ ಊರೇ ಹಸಿರು.

ಡ್ರೋನ್ ಹಾರಿಸುವವರು ಮೈಸೂರಿನ ಕಡೆಯವರು. ನನ್ನ ಹೆಗಲ ಮೇಲಿಂದ ನೋಡಿ, "ಮೇಡಂ, ಎಷ್ಟು ನೀಟಾಗಿದೆ ಅಲ್ವಾ ಈ ಊರು? ನಮ್ಮ ಬಡಾವಣೇನೂ ಹೀಗಿಲ್ಲ," ಎಂದರು.

ನಿಜವಾಗಿಯೂ ಅಚ್ಚುಕಟ್ಟಾಗಿತ್ತು. ಅಂಗಳಗಳು ಸಾರಿಸಿ ಒಣಗಿದ್ದವು. ರಂಗೋಲಿಗಳು ಎಷ್ಟು ದೊಡ್ಡವೆಂದರೆ ಅಷ್ಟು ಎತ್ತರದಿಂದಲೂ ಎಳೆ ಎಣಿಸಬಹುದಿತ್ತು. ಮಾಳಿಗೆಗಳ ಮೇಲೆ ಬೆಳಗಿದ ಕೊಡಗಳು ಸಾಲಾಗಿ ಬೋರಲಾಗಿದ್ದವು. ಪ್ರವಾಹ ಇಳಿದು ವಾರವೂ ಆಗದ ಊರು ಅದು ಎಂದು ಯಾರಾದರೂ ಹೇಳಿದರಷ್ಟೇ ಗೊತ್ತಾಗಬೇಕು.

ಆಗ ಒಂದು ಮಾಳಿಗೆಯ ಮೇಲೆ ಹರವಿದ್ದ ಕೌದಿ ಕಣ್ಣಿಗೆ ಬಿತ್ತು. ನಡುವೆ ನೀಲಿ ಚೌಕ, ಸುತ್ತ ಬಿಳಿ ಪಟ್ಟಿ. ನೀಲಿ ನನ್ನ ಹೈಸ್ಕೂಲಿನ ಸಮವಸ್ತ್ರದ್ದು, ಬಿಳಿ ನನ್ನ ಓಢಣಿಯದು. ದೊಡ್ಡವ್ವ ಹೊಲಿದ ಕೌದಿ. ಆ ಕೌದಿ ಹೊದ್ದುಕೊಂಡು ಮಲಗಿದ ವರ್ಷಗಳಲ್ಲಿ, ಅದನ್ನು ಮಾಳಿಗೆಯ ಮೇಲೆ ಒಣಗಿಸಿದ್ದು ನಾನು ಒಮ್ಮೆಯೂ ಕಂಡಿರಲಿಲ್ಲ. ಅದರ ಜಾಗ ಹಿತ್ತಲ ಗೋಡೆ. ಮಾಳಿಗೆಯ ಮೇಲೆ ಕೌದಿ ಒಯ್ಯಬೇಕೆಂದರೆ ಏಣಿ ಹತ್ತಬೇಕು. ದೊಡ್ಡವ್ವನ ಮೊಳಕಾಲಿಗೆ ಏಣಿ ಎಂದರೆ ಆಗುವುದಿಲ್ಲ.

ಕಲ್ಯಾಣ ಮಂಟಪದ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಹೋಗಿ ಫೋನ್ ಮಾಡಿದೆ.

"ಇಮಾನ ಬಂದಿತ್ತಲ್ಲ, ನೀನ ಕಳಿಸಿದ್ದೇನು?" ಎಂದಳು, ನನ್ನ ದನಿ ಕೇಳಿದ ಕೂಡಲೇ.

"ಆಫೀಸ್ನವರು ಕಳಿಸಿದ್ದು."

"ನಮ್ಮ ಅಂಗಳ ಚಂದ ಕಂಡತಿಲ್ಲ?"

"ಕಂಡತಿ. ದೊಡ್ಡವ್ವ, ಕೌದಿ ಯಾಕ ಮ್ಯಾಳಗಿ ಮ್ಯಾಲ ಹಾಕಿದಿ?"

"ಎಲ್ಲೆರ ಒಣಗಬೇಕಲ್ಲ."

"ದಿನಾ ಹಿತ್ತಲ ಗ್ವಾಡಿ ಮ್ಯಾಲ ಹಾಕತಿದ್ದಿ."

"ಗ್ವಾಡಿ ಇಲ್ಲ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲ. ಹೊಳಿ ಇಳದ ಮರದಿನ ಕುಂತ ಬಿಡ್ತು. ಅಡಗಿಮನಿ ಹಿಂದಿನ ಗ್ವಾಡೀನೂ ಅದರ ಜೋಡಿ ಹೋತು. ಮ್ಯಾಳಗಿ ಕಂಬದ ಮ್ಯಾಲ ನಿಂತೈತಿ. ಅದಕ್ಕೇನಾಗಿಲ್ಲ."

"ಮತ್ತ ಆ ಕಲ್ಲು ಮಣ್ಣು? ಫೋಟೋದಾಗ ಒಂದೂ ಕಾಣಂಗಿಲ್ಲಲ್ಲ!"

"ಹೆಂಗ ಕಾಣಬೇಕು? ಸರಕಾರದವರು ಮನಿ ನೋಡಾಕ ಬರ್ತಾರಂತ ಎಲ್ಲಾ ಒಳಗ ಒಯ್ದ ಹಾಕೇವಿ. ಸಂಘದ ಹೆಣ್ಮಕ್ಕಳು ಕೂಡಿ ಓಣಿ ಓಣಿನ ಬಳದ ಒಗದೇವಿ." ಆ ದನಿಯಲ್ಲಿ ಹೆಮ್ಮೆ ಇತ್ತು.

ಹೀಗಾಗಲು ಕಾರಣ ನಾವೇ. ಡ್ರೋನ್ ಹಾರಿಸುವ ಮುಂಚೆ ಊರವರಿಗೆ ತಿಳಿಸಬೇಕೆಂಬ ನಿಯಮವಿತ್ತು. ಜನ ಹೆದರಬಾರದು, ಕಲ್ಲು ಹೊಡೆಯಬಾರದು. ತಿಳಿಸುವುದಕ್ಕೆ ಧ್ವನಿವರ್ಧಕವಿದ್ದ ಗಾಡಿ ಆ ಊರಿನಲ್ಲಿ ಒಂದೇ ಒಂದು, ಪಂಚಾಯಿತಿಯ ಕಸದ ಗಾಡಿ. ವರ್ಷವಿಡೀ ಮನೆಮುಂದೆ ನಿಂತು, ಊರು ಸ್ವಚ್ಛವಾಗಿಡಿ ಎಂದು ಹಾಡು ಹಾಕುವ ಗಾಡಿ ಅದು. ಅದೇ ಗಾಡಿ ಓಣಿ ಓಣಿ ತಿರುಗಿ, "ನಾಳೆ ಸರಕಾರದವರು ಮೇಲಿಂದ ನಿಮ್ಮ ನಿಮ್ಮ ಮನೆ ನೋಡಲು ಬರುತ್ತಾರೆ, ಎಲ್ಲರೂ ಸಹಕರಿಸಬೇಕು," ಎಂದು ಕೂಗಿ, ರೂಢಿಯ ಪ್ರಕಾರ ಕೊನೆಗೆ ಹಾಡನ್ನೂ ಹಾಕಿತ್ತು. ಮನೆ ನೋಡಲು ಯಾರಾದರೂ ಬರುತ್ತಾರೆಂದರೆ ನಮ್ಮ ಹೆಂಗಸರು ಹೇಗೆ ಸಹಕರಿಸುತ್ತಾರೋ ಹಾಗೆ ಸಹಕರಿಸಿದ್ದರು.

"ನೀ ಎಲ್ಲಿ ಮಲಗತಿ?" ಎಂದು ಕೇಳಿದೆ.

"ಪಡಸಾಲ್ಯಾಗ. ಮತ್ತೆಲ್ಲಿ ಮಲಗಬೇಕು?"

ನನಗೆ ಗೊತ್ತಿದ್ದ ವಿಷಯ ಒಂದಿತ್ತು, ಆ ದಂಡೆಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದಾಗ ಬೀಳುವುದು ಕಡಿಮೆ. ನೀರು ಹೋಗಿ, ಒಳ್ಳೆಯ ಬಿಸಿಲು ಬಿದ್ದು, ಕುಡಿದ ನೀರೆಲ್ಲ ಆರುವಾಗ ಬೀಳುತ್ತದೆ. ಆ ವಾರ ಒಳ್ಳೆಯ ಬಿಸಿಲಿತ್ತು.

ಸಾಹೇಬರ ಹತ್ತಿರ ಹೋದೆ. "ಸರ್, ಈ ಊರಿನ ಚಿತ್ರಗಳ ಮೇಲೆ ಅನುಮಾನವಿದೆ."

"ಯಾಕವ್ವ? ಎಷ್ಟು ಸ್ವಚ್ಛ ಬಂದಾವ."

"ಅದೇ ಅನುಮಾನ ಸರ್."

ಅವರು ಕನ್ನಡಕ ತೆಗೆದರು. "ಅಂದ್ರ ಊರಾಗ ಹೊಲಸಿಲ್ಲ, ಅದಕ್ಕ ಹಾನಿ ಆಗೇದ ಅಂತ ಬರಿಯೂಣೇನು? ತಲಾಟಿ ಕಳಿಸಿದ ಫೋಟೋ ನೋಡಿಲ್ಲೇನು?"

ನೋಡಿದ್ದೆ. ತಲಾಟಿ, ಅಂದರೆ ಊರಿನ ಕಂದಾಯದ ಅಧಿಕಾರಿ, ನೆಲದ ಮೇಲಿಂದ ಖಾತ್ರಿ ಮಾಡಬೇಕಾದವರು. ಅವರ ಮೇಲೆ ಹಲವು ಊರುಗಳ ಭಾರವಿತ್ತು. ಅವರು ಪ್ರತಿ ಮನೆಯ ಮುಂಬಾಗಿಲಿನ ಫೋಟೋ ತೆಗೆದು ಕಳಿಸಿದ್ದರು. ದೊಡ್ಡವ್ವನ ಮನೆಯ ಫೋಟೋದಲ್ಲಿ ರಂಗೋಲಿ ಇತ್ತು, ಹೊಸ್ತಿಲಿಗೆ ಅರಿಶಿನವಿತ್ತು, ಹೊಸ್ತಿಲ ಮೇಲೆ ಅವರಿಗೆ ಕೊಟ್ಟ ಚಹಾದ ಕಪ್ಪೂ ಇತ್ತು. ಕೆಳಗೆ ಬರೆದಿದ್ದರು: ಮನೆ ಸುಸ್ಥಿತಿಯಲ್ಲಿದೆ.

ಆ ಮನೆಯಲ್ಲಿರುವುದು ನನ್ನ ದೊಡ್ಡವ್ವ ಎಂದು ಅಂದು ಹೇಳಬಹುದಿತ್ತು. ಹೇಳಿದ್ದರೆ ಆ ಊರು ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅವರು ಹಸಿರು ಚುಕ್ಕೆಗಳನ್ನು ನೋಡಿ ಸಂತೋಷದಿಂದ ಮುಚ್ಚಿಡುತ್ತಿದ್ದರು. ಕೌದಿಯ ಜಾಗ ತಪ್ಪಿದೆ ಎಂದು ನಾನು ಸಾಕ್ಷಿ ಹೇಳಿದರೆ ಕಂಪ್ಯೂಟರಿನಲ್ಲಿ ಅದನ್ನು ತುಂಬಲು ಜಾಗವಿರಲಿಲ್ಲ.

ಹಾಗಾಗಿ ಮರುಹಾರಾಟ ಬೇಕೆಂದು ಬರೆದೆ. ಕಾರಣ: ಚಿತ್ರಗಳಲ್ಲಿ ಬೆಳಕಿನ ಪ್ರತಿಫಲನ ಮಿತಿಮೀರಿದೆ. ಇದು ಸುಳ್ಳಲ್ಲ. ಬೆಳಗಿದ ಕೊಡಗಳು ಕ್ಯಾಮೆರಾದ ಕಣ್ಣು ಕುಕ್ಕಿದ್ದವು. ಸಾಹೇಬರು ತಾಂತ್ರಿಕ ಕಾರಣಗಳನ್ನು ಗೌರವಿಸುವವರು, ಒಪ್ಪಿದರು.

ಭಾನುವಾರ ಇಂಡಿಯಿಂದ ಬಸ್ಸಿನಲ್ಲಿ ಆಲಮೇಲಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಊರು ಸೇರಿದೆ. ಅಂಗಳ ಚಿತ್ರದಲ್ಲಿದ್ದಂತೆಯೇ ಇತ್ತು. ಹೊಸ್ತಿಲು ದಾಟಿದರೆ ಪಡಸಾಲೆಯ ತುಂಬ ಕಲ್ಲು. ಬಿದ್ದ ಗೋಡೆಯನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ತಂದು ಮನೆಯೊಳಗೆ ಸುರಿದಿದ್ದರು. ಆ ಗುಡ್ಡೆಗೂ ನಡುಗೋಡೆಗೂ ಮಧ್ಯೆ ಒಂದು ಹೊರಸು, ದೊಡ್ಡವ್ವನ ಹಾಸಿಗೆ. ನಡುಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ಸೊಂಟದ ಮೇಲಿತ್ತು. ದೀಪ ಇಡುವ ಮಾಡದಿಂದ ಕೆಳಗೆ ಒಂದು ಬಿರುಕು ಇಳಿದಿತ್ತು. ನನ್ನ ಅಂಗೈ ಅಡ್ಡವಾಗಿ ಹೋಗುವಷ್ಟು ಅಗಲ. ಅಡುಗೆಮನೆಗೆ ಹಿಂದಿನ ಗೋಡೆಯೇ ಇಲ್ಲದ್ದರಿಂದ ಆ ಬಿರುಕಿನಲ್ಲಿ ಹೊಳೆ ಕಾಣುತ್ತಿತ್ತು.

"ನನ್ನ ಜೋಡಿ ಇಂಡಿಗೆ ನಡಿ," ಎಂದೆ.

"ನಡದ್ರ ಅಂಗನವಾಡಿ ಕೂಸುಗೋಳಿಗೆ ಯಾರ ಅಡಗಿ ಮಾಡ್ತಾರ? ನೀ ಬಂದ ಮಾಡತೇನು?"

"ಹಂಗಾರ ಸಾಲ್ಯಾಗರೆ ಮಲಗು."

"ಸಾಲಿ ಕೆಂಪ ಚುಕ್ಕಿ ಇದ್ದವರಿಗಂತ. ನಮಗ ಹಸರ ಬಂದೈತಿ ಅಂತ ತಲಾಟಿಯವರ ಬಂದು ಹೇಳ್ಯಾರ. ಪೇಢೆ ಒಂದ ಕೊಡೂದ ಉಳದಿತ್ತು, ಅಷ್ಟ ಖುಷಿ ಅವರಿಗಿ."

ಅಷ್ಟರಲ್ಲಿ ಓಣಿಯ ಹೆಂಗಸರು ಕೂಡಿದರು. ಪಕ್ಕದ ಮನೆಯಾಕೆ, ಹಿಟ್ಟು ಬೀಸುವ ಗಿರಣಿ ನಡೆಸುವವಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟ ಓದಿ ಮ್ಯಾಲಿಂದ ಮಂದಿ ಮ್ಯಾಳಗಿ ನೋಡೂ ನೌಕರಿ ಹಿಡದೇನ ಯವ್ವಾ? ಏಣಿ ಹಚ್ಚಿದ್ರ ನಾವೂ ದಿನಾ ನೋಡ್ತೇವಿ!"

"ಸುಮ್ನಿರ," ಎಂದಳು ದೊಡ್ಡವ್ವ. "ಅಕಿದು ಕಂಪೂಟರ ಕೆಲಸ."

"ಆ ಕಂಪೂಟರದಾಗ ಒಂದ ವರಾನೂ ಹುಡಕಿಕೊ. ಮ್ಯಾಲಿಂದ ನೋಡಿದ್ರ ತಲಿ ಬೋಳ ಐತೋ ಇಲ್ಲೋ ಮದಲ ಗೊತ್ತಾಗ್ತೈತಿ."

ಎಲ್ಲರೂ ನಕ್ಕರು. ನಾನು ನೀರು ಕುಡಿದು, ಲೋಟ ಕೆಳಗಿಟ್ಟು, ಡ್ರೋನು ಇನ್ನೊಮ್ಮೆ ಬರುತ್ತದೆ ಎಂದು ಹೇಳಿದೆ. ಅದಕ್ಕೆ ಮಾಳಿಗೆಯ ಕೆಳಗಿನದು ಏನೂ ಕಾಣಿಸದು. ಬಿದ್ದದ್ದೆಲ್ಲ ಹೊರಗೆ, ಬಯಲಿನಲ್ಲಿ ಇದ್ದರೆ ಮಾತ್ರ ಬಿದ್ದಿದೆ ಎಂದು ತಿಳಿಯುತ್ತದೆ.

"ನಮ್ಮ ಬಿದ್ದ ಗ್ವಾಡಿ ಊರಿಗೆಲ್ಲಾ ತೋರಸಬೇಕು?" ಎಂದಳು ದೊಡ್ಡವ್ವ.

"ಊರಿಗಲ್ಲ. ಆಫೀಸಿಗೆ."

"ಆಫೀಸಿನ್ಯಾಗ ಮಂದಿ ಇರಂಗಿಲ್ಲೇನು?"

ಗಿರಣಿಯಾಕೆ ನನ್ನ ಪಕ್ಷ ವಹಿಸಿದಳು. ಅವಳ ಗಿರಣಿಯ ಕೋಣೆಯೂ ಒಂದು ಕಡೆ ಕುಸಿದು ಕೂತಿತ್ತು. ಬಹಳ ಮಾತಾದ ಮೇಲೆ ದೊಡ್ಡವ್ವ ಸಂಘದ ಅಧ್ಯಕ್ಷೆಯ ದನಿಯಲ್ಲಿ ತೀರ್ಮಾನ ಹೇಳಿದಳು: "ಆತು, ಹೊರಗ ಇಡ್ತೇವಿ. ಆದ್ರ ಹೊಲಸ ಇಡಂಗಿಲ್ಲ."

ಆ ಮಾತಿನ ಕಡೆಯ ಭಾಗಕ್ಕೆ ನಾನು ಗಮನ ಕೊಡಲಿಲ್ಲ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಮರುಹಾರಾಟದ ಚಿತ್ರಗಳು ಬಂದಾಗ ಮೈಸೂರಿನವರು ಮೊದಲು ನೋಡಿದರು. "ಮೇಡಂ, ಈ ಊರಲ್ಲಿ ಏನೋ ದೊಡ್ಡ ಕಾಮಗಾರಿ ನಡೀತಾ ಇದೆ."

ಪ್ರತಿ ಮನೆಯ ಹಿತ್ತಲಿನಲ್ಲೂ ಕಲ್ಲುಗಳನ್ನು ದೊಡ್ಡವು, ನಡುವಿನವು, ಸಣ್ಣವು ಎಂದು ಬೇರೆ ಮಾಡಿ, ದಾರ ಹಿಡಿದು ಜೋಡಿಸಿದಂತೆ ಜೋಡಿಸಿದ್ದರು. ಮುರಿದ ತೊಲೆಗಳು ಒಂದರ ಪಕ್ಕ ಒಂದು ಮಲಗಿದ್ದವು. ಮಣ್ಣನ್ನು ಗುಂಡಗೆ ಗುಡ್ಡೆ ಹಾಕಿ, ಮೇಲೆ ಕೈಯಾಡಿಸಿ ನುಣುಪು ಮಾಡಿದ್ದರು. ಬಾಗಿಲುಗಳನ್ನು ತೊಳೆದು ಒರಗಿಸಿದ್ದರು. ಎಲ್ಲವೂ ಬಯಲಿನಲ್ಲಿತ್ತು. ನಾನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಚುಕ್ಕೆಗಳು ಕೆಂಪಾಗಿರಲಿಲ್ಲ, ನೀಲಿಯಾಗಿದ್ದವು. ಆವರೆಗೆ ನಾನು ನೀಲಿ ಚುಕ್ಕೆಯನ್ನು ಕಂಡಿರಲಿಲ್ಲ. ಮೇಲೆ ಬೆರಳು ಇಟ್ಟರೆ ಬಂತು: ಹೊಸ ನಿರ್ಮಾಣ.

ಆ ದಿನ ನಾನು ಎಷ್ಟೋ ಹೊತ್ತು ಪರದೆಯನ್ನೇ ನೋಡುತ್ತ ಕುಳಿತಿದ್ದೆ. ದೊಡ್ಡವ್ವನಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಇನ್ನೊಮ್ಮೆ ಹೊಲಸು ಮಾಡು ಎನ್ನಬೇಕೇ? ಅಷ್ಟರಲ್ಲಿ ಮಖಮಲ್ಲಿನ ಕುರ್ಚಿಯಿಂದ ಸಾಹೇಬರು ಎದ್ದು ನಿಂತದ್ದು ಕಾಣಿಸಿತು. ನೀಲಿ ಚುಕ್ಕೆಗಳು ಅವರ ಫೋನಿಗೆ ನೇರವಾಗಿ ಹೋಗುತ್ತವೆಂದು ನನಗೆ ಗೊತ್ತಿರಲಿಲ್ಲ.

"ಹೊಳಿ ದಂಡಿಗೆ, ಈಗ, ಯಾರ ಪರವಾನಗಿ ಇಲ್ಲದ ಊರಿಗೆ ಊರ ಮನಿ ಕಟ್ಟಾಕತ್ತದೇನು?" ಎಂದರು. "ಗಾಡಿ ತೆಗಿಸ್ರಿ. ಇವತ್ತ ಹೋಗಬೇಕು."

ನಿಯಮ ಹಾಗಿತ್ತು. ಬಿದ್ದ ಮನೆ ಸರದಿಯಲ್ಲಿ ಕಾಯಬೇಕು. ಏಳುತ್ತಿರುವ ಮನೆಯನ್ನು ಅದೇ ದಿನ ತಡೆಯಬೇಕು. ಜೀಪು ಕಳಿಸಲು ನಾನು ಒಪ್ಪಿಗೆಯ ಗುಂಡಿ ಒತ್ತಬೇಕಿತ್ತು. ಒತ್ತಿದೆ. ಮಾಹಿತಿ ದಾಖಲಿಸಲು ಒಬ್ಬರು ಜೊತೆಗೆ ಬೇಕು ಎಂದರು. ನಾನೇ ಬರುತ್ತೇನೆ ಎಂದೆ.

ಜೀಪಿನ ಚಾಲಕರು ಸಿಂದಗಿಯವರು, ಸಾಹೇಬರಿಗಿಂತ ವಯಸ್ಸಿನಲ್ಲಿ ಹಿರಿಯರು, ಸುಮ್ಮನಿರುವುದು ಅವರಿಂದಾಗದ ಮಾತು. ಆಲಮೇಲ ದಾಟಿದ ಮೇಲೆ ಕೇಳಿದರು: "ಸಾಹೇಬ್ರ, ಬಿದ್ದ ಮನಿ ನೋಡಾಕ ಡೀಸೆಲ್ ಇಲ್ಲ ಅಂತಿದ್ರಿ. ಕಟ್ಟೂ ಮನಿ ನೋಡಾಕ ಎಲ್ಲಿಂದ ಬಂತ್ರಿ?"

"ರಸ್ತಾ ನೋಡಿ ಹೊಡೀರಿ."

"ರಸ್ತಾ ಎಲ್ಲೈತ್ರಿ ನೋಡಾಕ? ಅದನ್ನೂ ಹೊಳಿ ಒಯ್ದೈತಿ. ಅದರ ಮ್ಯಾಲ ಯಾವ ಚುಕ್ಕಿ ಬಿದ್ದೈತೋ ಏನೋ."

ಮೊದಲ ನೀಲಿ ಚುಕ್ಕೆ ದೊಡ್ಡವ್ವನ ಮನೆಯದು. ಜೀಪು ನಿಂತಾಗ ಅವಳು ಹೊರಬಂದಳು, ಸೆರಗು ಹೊದ್ದುಕೊಂಡು. ಸಾಹೇಬರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿದೆ. ನಮ್ಮ ಮನೆತನದಲ್ಲಿ ಮಾತಿಲ್ಲದೆ ತಿಳಿದುಕೊಳ್ಳುವ ಗುಣವಿದೆ.

"ಬರ್ರಿ ಸಾಹೇಬ್ರ. ಬರ್ರಿ ಮೇಡಂ," ಎಂದಳು.

"ಅದಿರ್ಲಿ," ಎಂದರು ಸಾಹೇಬರು. "ಯಾರನ್ನ ಕೇಳಿ ಕಟ್ಟಾಕತ್ತೀರಿ?"

"ಏನ್ ಕಟ್ಟಾಕ್ರಿ?"

"ಹಿಂದ ಇಷ್ಟು ಕಲ್ಲು, ಕಟ್ಟಿಗಿ, ಮಣ್ಣು ಯಾತಕ್ಕ ತರಿಸೀರಿ?"

"ತರಸೂದೇನ್ರಿ, ಇಲ್ಲೇ ಇದ್ದದ್ದ. ನಮ್ಮ ಗ್ವಾಡಿರೀ ಅದು."

"ಗ್ವಾಡಿ ಅಂದ್ರ?"

"ಬಿದ್ದ ಗ್ವಾಡಿರಿ. ನೋಡಾಕ ಬರೂ ಮಂದಿಗೆ ಕಾಲಾಗ ಬರಬಾರದಂತ ಹೊಂದಿಸಿ ಇಟ್ಟೇವಿ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು, "ಒಳಗೆ ನೋಡಿ ಖಾತ್ರಿ ಮಾಡಿಕೊಳ್ಳಬಹುದು ಸರ್," ಎಂದೆ.

ದೊಡ್ಡವ್ವ ಅವರನ್ನು ಹೊರಸಿನ ಮೇಲೆ ಕೂರಿಸಿದಳು. ಕಲ್ಲೆಲ್ಲ ಹೊರಗೆ ಹೋಗಿದ್ದರಿಂದ ಪಡಸಾಲೆ ವಿಶಾಲವಾಗಿ, ಸಾರಿಸಿ ತಂಪಾಗಿತ್ತು. ಬಿರುಕಿನ ಮುಂದೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದಳು. ಅದರ ಅಂಚು ಹೊಳೆಯ ಗಾಳಿಗೆ ಅಲುಗಾಡುತ್ತಿತ್ತು. ಚಹಾ ಬಂತು. ಸಾಹೇಬರಿಗೆ, ಚಾಲಕರಿಗೆ ಕೊಟ್ಟು, ನನ್ನ ಮುಂದೆ ಹಾಲಿನ ಲೋಟ ಇಟ್ಟಳು. "ಮೇಡಂ ಚಾ ಕುಡ್ಯಾಂಗಿಲ್ಲ," ಎಂದಳು, ಸಹಜವಾಗಿ.

ಚಾಲಕರು ಚಹಾ ಸುರಿದುಕೊಂಡ ಬಸಿಯಿಂದ ಬಾಯಿ ತೆಗೆದು ಹಾಲನ್ನು ನೋಡಿದರು, ದೊಡ್ಡವ್ವನನ್ನು ನೋಡಿದರು, ನನ್ನ ಮೂಗನ್ನು ನೋಡಿದರು. ನಮ್ಮಿಬ್ಬರ ಮೂಗು ಒಂದೇ ಅಚ್ಚಿನದು.

"ಕ್ಯಾಲೆಂಡರ್ ಯಾಕ ಹಾರಾಡ್ತದ? ಫ್ಯಾನ್ ಇಲ್ಲಲ್ಲ," ಎಂದು ಸಾಹೇಬರು ಎದ್ದರು. ಕ್ಯಾಲೆಂಡರನ್ನು ಬದಿಗೆ ಸರಿಸಿ, ಗೋಡೆಗೆ ಕೈ ಊರಿದರು. ಅಂಗೈಯಷ್ಟು ಮಣ್ಣು ಅವರ ಕೈಗೇ ಬಂತು. ಮೇಲಿಂದ ಮಾಡದ ಹಣತೆ ಜಾರಿ ಹೊರಸಿನ ಮೇಲೆ, ಈಗಷ್ಟೇ ಅವರು ಕುಳಿತಿದ್ದ ಜಾಗದಲ್ಲಿ ಬಿತ್ತು. ಕರ್ತವ್ಯದ ಮೇಲಿರುವ ಅಧಿಕಾರಿಯೊಬ್ಬರು ಅಷ್ಟು ವೇಗವಾಗಿ ಹೊಸ್ತಿಲು ದಾಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಇದರೊಳಗ ಮಲಗ್ತೀರೇನು ನೀವು?" ಎಂದು ಅಂಗಳದಿಂದ ಕೂಗಿದರು.

"ಹೌದ್ರಿ. ಹಸರ ಚುಕ್ಕಿ ಐತಲ್ರಿ."

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ವಾಸಕ್ಕೆ ಅಪಾಯ ಎಂದು ಬರೆದು ಸಹಿ ಹಾಕಿದರು. ಕೈಗೆ ಮೆತ್ತಿದ್ದ ಮಣ್ಣು ಕಾಗದದ ಮೇಲೂ ಬಿತ್ತು. ಆಮೇಲೆ ಓಣಿಯ ಉಳಿದ ನೀಲಿ ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು, ಆದರೆ ಹೊಸ್ತಿಲಿನ ಈಚೆಯಿಂದಲೇ. ಗಿರಣಿಯಾಕೆಯ ಕೋಣೆಗೂ ಕಾಗದ ಸಿಕ್ಕಿತು. ಆ ಸಂಜೆ ಓಣಿಯ ಅರ್ಧ ಜನ ಶಾಲೆಯ ಕೋಣೆಗಳಿಗೆ ಹೋದರು. ದೊಡ್ಡವ್ವ ಕಡೆಯವಳು. ಹೊರಡುವ ಮುಂಚೆ ಪಡಸಾಲೆ ಗುಡಿಸಿದಳಂತೆ.

ಮರಳುವಾಗ ಚಾಲಕರು ಬಹಳ ದೂರ ಮಾತಾಡಲಿಲ್ಲ. ಆಲಮೇಲದ ಹತ್ತಿರ ಸಾಹೇಬರಿಗೆ ನಿದ್ದೆ ಹತ್ತಿತು. ಆಗ ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ, "ಹಾಲ ಚಲೋ ಇತ್ತೇನ್ರಿ ಮೇಡಂ?" ಎಂದರು.

"ಚೆನ್ನಾಗಿತ್ತು."

"ಎಮ್ಮಿದಿರಬೇಕು," ಎಂದು ರಸ್ತೆ ನೋಡಿದರು. ಆ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಸುಮ್ಮನಿರಲು ಬಾರದವರು ಎಂದು ನಾನು ಅಂದುಕೊಂಡದ್ದನ್ನು ಅಂದೇ ತಿದ್ದಿಕೊಂಡೆ.

ಆ ವಾರದ ಕೊನೆಯಲ್ಲಿ, ಸುಡುವ ಮಧ್ಯಾಹ್ನದಲ್ಲಿ, ನಡುಗೋಡೆ ಬಿತ್ತು. ದೊಡ್ಡವ್ವ ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಳು. ಸದ್ದು ಕೇಳಿ, ಸೌಟು ಹಿಡಿದೇ ಬಾಗಿಲಿಗೆ ಬಂದು ನೋಡಿ, ಮತ್ತೆ ಬಡಿಸಲು ಹೋದಳು ಎಂದು ಗಿರಣಿಯಾಕೆ ಫೋನಿನಲ್ಲಿ ಹೇಳಿದಳು. ಮರುದಿನದ ಚಿತ್ರದಲ್ಲಿ ಮಾಳಿಗೆ ನಡುವಿನಲ್ಲಿ ಮುರಿದು ಹೊರಸಿದ್ದ ಜಾಗದ ಮೇಲೆ ಕೂತಿತ್ತು. ಕೆಂಪು ಚುಕ್ಕೆ ಬಿದ್ದಿತ್ತು. ಯಂತ್ರಕ್ಕೆ ಯಾವ ಅನುಮಾನವೂ ಉಳಿದಿರಲಿಲ್ಲ.

ಸಾಹೇಬರು ವರದಿ ಹೇಳಿ ಬರೆಸಿದರು: ಡ್ರೋನ್, ವಾಹನ ಮತ್ತು ಸಿಬ್ಬಂದಿಯ ನಡುವಿನ ಉತ್ತಮ ಸಮನ್ವಯದ ಫಲವಾಗಿ ಅಪಾಯವನ್ನು ಮುಂಚಿತವಾಗಿ ಗುರುತಿಸಿ ಜೀವಹಾನಿ ತಪ್ಪಿಸಲಾಯಿತು. ನಾನು ಟೈಪ್ ಮಾಡಿದೆ. ಡ್ರೋನು ಹೋಗಿತ್ತು, ವಾಹನ ಹೋಗಿತ್ತು, ಸಿಬ್ಬಂದಿಯೂ ಹೋಗಿದ್ದೆವು. ಯಾವ ಪದವನ್ನು ಹೊಡೆದುಹಾಕಬೇಕೆಂದು ನನಗೆ ಹೊಳೆಯಲಿಲ್ಲ.

ಕೆಲಸ ಮುಗಿದು ಕಲ್ಯಾಣ ಮಂಟಪವನ್ನು ಮದುವೆಗಳಿಗೆ ಬಿಟ್ಟುಕೊಟ್ಟ ಮೇಲೆ ಶಾಲೆಗೆ ಹೋಗಿ ದೊಡ್ಡವ್ವನನ್ನು ನೋಡಿದೆ. ಹಲಗೆಯ ಕೆಳಗೆ ಹಾಸಿಗೆ ಸುತ್ತಿಟ್ಟು, ಬೆಂಚಿನ ಮೇಲೆ ಪಾತ್ರೆ ಜೋಡಿಸಿದ್ದಳು. ಶಾಲೆಯ ಮೆಟ್ಟಿಲ ಮೇಲೂ ರಂಗೋಲಿ ಇತ್ತು. ಮನೆಯ ಫೋಟೋಗಳಿದ್ದ ಆಲ್ಬಮ್ಮು ನೀರಿನಲ್ಲಿ ಅಂಟಿಕೊಂಡು ಹಲಗೆಯಾಗಿತ್ತು. ಹಾಗಾಗಿ ಅವಳು ಕೇಳಿದ್ದನ್ನು ನಾನು ತಂದಿದ್ದೆ: ಡ್ರೋನ್ ತೆಗೆದ ಮೊದಲ ಚಿತ್ರದ ದೊಡ್ಡ ಪ್ರತಿ, ಹಸಿರು ಚುಕ್ಕೆ ತೆಗೆದುಹಾಕಿದ್ದು. ಮಾಳಿಗೆ, ಕೌದಿ, ಕೊಡಗಳು, ಸಾರಿಸಿದ ಅಂಗಳ, ರಂಗೋಲಿ. ಅವಳ ಕೈಯಲ್ಲಿ ಆ ಮನೆಯ ಚಿತ್ರವೆಂದು ಉಳಿದದ್ದು ಅದೊಂದೇ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ನಾನು ಬೇರೆ ಕಡೆ ತಿರುಗಿದೆ.

"ಇದೇನ ಇದು ಮೂಲ್ಯಾಗ?"

ಬಗ್ಗಿ ನೋಡಿದೆ. ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಕಂದು ಗೆರೆ. "ಕಸಬರಿಗಿ ಇರಬೇಕು."

"ಹೊರಗ ಉಳದೈತಿ!" ಎಂದಳು. "ಸರಕಾರ ಬರೂ ಹೊತ್ತಿನ್ಯಾಗ ಅಂಗಳದಾಗ ಕಸಬರಿಗಿ! ಅವತ್ತ ಫೋನ್ ಮಾಡಿದ್ದ್ಯಲ್ಲ, ಹೇಳಬಾರದೇನ?"

ಅಂದು ನಾನು ಕೌದಿಯ ಬಗ್ಗೆ ಕೇಳಿದ್ದೆ, ಗೋಡೆಯ ಬಗ್ಗೆ ಕೇಳಿದ್ದೆ. ಕಸಬರಿಗೆಯನ್ನು ನೋಡಿರಲಿಲ್ಲ.

ಈಗ ಆ ಚಿತ್ರ ಎತ್ತರದ ಹೊಸ ಮನೆಯಲ್ಲಿದೆ. ಬಂದವರಿಗೆಲ್ಲ ಗೋಡೆಯಿಂದ ಇಳಿಸಿ ತೋರಿಸುತ್ತಾಳೆ, ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟುಕೊಂಡೇ.